ಭಾನುವಾರದ ಗೆರೆ

ಗಾಳಿಗೂ ವಯಸ್ಸಾಗುತ್ತದೆ. ಬೆಳಿಗ್ಗೆ ಬಸ್ಸಿನ ಹಿಂದಿನಿಂದ ಹೊರಟ ಹೊಗೆ, ಹೊಸದಾಗಿ ಬಣ್ಣ ಬಳಿದ ಗೋಡೆಯಿಂದ ಎದ್ದ ಆವಿ, ಎಲೆಗಳು ಬಿಟ್ಟ ಘಮ, ಎಲ್ಲವೂ ಬಿಸಿಲಿಗೆ ಬಿದ್ದು ಅಲೆದು ಕೆಲವೇ ದಿನಗಳಲ್ಲಿ ಹುಟ್ಟಿದಾಗಿನ ಗುರುತೇ ಸಿಗದ ಹಾಗೆ ಬದಲಾಗುತ್ತವೆ. ಆವಿಯಾಗಿದ್ದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾಗಿ ಗಟ್ಟಿಯಾಗುತ್ತದೆ. ಮನುಷ್ಯರೂ ಹಾಗೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಅಕ್ಕ, ಮನುಷ್ಯರ ವಿಷಯ ನನಗೆ ಗೊತ್ತಿಲ್ಲ, ಗಾಳಿಯದು ಗೊತ್ತು ಎಂದು ಮಾತು ಮುಗಿಸುತ್ತಿದ್ದಳು.

ಅಕ್ಕ ಎಂಬುದು ವಿಶ್ವವಿದ್ಯಾಲಯದ ಆ ಪ್ರಯೋಗಾಲಯದಲ್ಲಿ ಅವಳಿಗೆ ಬಿದ್ದ ಹೆಸರು. ತಮ್ಮನ ಓದು, ಅಮ್ಮನ ಕಾಯಿಲೆ, ಹೈಸ್ಕೂಲಿನಲ್ಲಿ ಪಾಠ, ಇಷ್ಟೆಲ್ಲ ಮುಗಿದ ಮೇಲೆ, ಬೇರೆಯವರು ತಲೆಗೂದಲಿಗೆ ಬಣ್ಣ ಹಚ್ಚುವ ವಯಸ್ಸಿನಲ್ಲಿ, ಸಂಶೋಧನೆಗೆ ಸೇರಿದವಳು. ಅವಳ ಜೊತೆಗಿದ್ದ ವಿದ್ಯಾರ್ಥಿಗಳು ಇಬ್ಬರೇ, ಒಬ್ಬ ಹುಡುಗ, ಒಬ್ಬಳು ಹುಡುಗಿ. ಎಲ್ಲಿಗೆ ಹೋದರೂ ಒಟ್ಟಿಗೇ ಹೋಗುತ್ತಿದ್ದರಿಂದ ಅವರಿಗೆ ಜೋಡೆತ್ತು ಎಂದು ಹೆಸರಾಗಿತ್ತು. ಜೋಡೆತ್ತು ಅವಳನ್ನು ಪ್ರೀತಿಯಿಂದಲೇ ಕಾಣುತ್ತಿತ್ತು. ಆದರೆ ಸಿನಿಮಾಕ್ಕೆ ಟಿಕೆಟ್ ತೆಗೆಸುವಾಗ ಎರಡೇ ತೆಗೆಸುತ್ತಿತ್ತು. ಅಕ್ಕ ಎಂದು ಕರೆಸಿಕೊಂಡವರ ಪಾಡೇ ಅಷ್ಟು. ಗೌರವಕ್ಕೆ ಕೊರತೆಯಿಲ್ಲ, ಜೊತೆಗೆ ಜನವಿಲ್ಲ.

ಅವಳ ಕೆಲಸ ಕಟ್ಟಡದ ತಾರಸಿಯ ಮೇಲೆ. ಅಲ್ಲೊಂದು ತಗಡಿನ ಕೋಣೆಯಿತ್ತು, ಎಲ್ಲರ ಬಾಯಲ್ಲೂ ಅದು ಗೂಡು. ಗೂಡಿನೊಳಗೆ ಮೇಜಿನಷ್ಟು ಉದ್ದದ ಒಂದು ಅಲ್ಯೂಮಿನಿಯಂ ಪೀಪಾಯಿ. ಹೊರಗಿನ ಗಾಳಿಯನ್ನು ಪೈಪೊಂದು ಎಳೆದು ತಂದು ಅದರೊಳಗೆ ಬಿಡುತ್ತದೆ. ಒಳಗೆ ನೇರಳೆ ದೀಪಗಳು ಉರಿಯುತ್ತಿರುತ್ತವೆ. ಬಿಸಿಲಲ್ಲಿ ವಾರಗಟ್ಟಲೆ ಅಲೆದರೆ ಗಾಳಿಗೆ ಎಷ್ಟು ವಯಸ್ಸಾಗಬೇಕೋ ಅಷ್ಟು ವಯಸ್ಸು ಆ ಪೀಪಾಯಿಯಲ್ಲಿ ಕೆಲವೇ ನಿಮಿಷದಲ್ಲಿ ಆಗುತ್ತದೆ. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದ್ದರೂ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಮುಪ್ಪಿನ ಡಬ್ಬಿ ಎನ್ನುತ್ತಿದ್ದರು. ಡಬ್ಬಿಯಿಂದ ಹೊರಬಂದ ಗಾಳಿಯಲ್ಲಿ ಎಷ್ಟು ಕಣ ಹುಟ್ಟಿವೆ ಎಂದು ಪಕ್ಕದ ಯಂತ್ರ ಎಣಿಸಿ, ಕಂಪ್ಯೂಟರ್ ಪರದೆಯ ಮೇಲೆ ಗೆರೆ ಎಳೆಯುತ್ತಿತ್ತು. ಕಣ ಹೆಚ್ಚಾದರೆ ಗೆರೆ ಏರುತ್ತಿತ್ತು, ಕಡಿಮೆಯಾದರೆ ಮಲಗುತ್ತಿತ್ತು.

ಅಕ್ಕನ ದಿನವೆಲ್ಲ ಈ ಡಬ್ಬಿಯ ಸೇವೆ. ಪಂಪಿನ ಸದ್ದು ಸರಿಯಿದೆಯೇ ಎಂದು ಕಿವಿಗೊಡುವುದು, ಫಿಲ್ಟರ್ ಬದಲಿಸುವುದು, ಪೈಪಿನ ಬಾಯಿಗೆ ಜೇಡ ಬಲೆ ಕಟ್ಟಿದರೆ ತೆಗೆಯುವುದು. ಕೂಸಿನ ಮನೆಯಲ್ಲಿ ಇರುವಷ್ಟೇ ಕಟ್ಟುನಿಟ್ಟು ಅಲ್ಲಿ. ಸೆಂಟು ಹಾಕುವಂತಿಲ್ಲ, ಘಮಘಮಿಸುವ ಎಣ್ಣೆ ಹಚ್ಚುವಂತಿಲ್ಲ, ಪೌಡರ್ ಬಳಿಯುವಂತಿಲ್ಲ. ಮನುಷ್ಯರ ವಾಸನೆಯನ್ನು ಡಬ್ಬಿ ಊರ ಗಾಳಿಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಅವಳ ತಮ್ಮನ ಹೆಂಡತಿ, ವಯಸ್ಸಿನಲ್ಲಿ ಚಿಕ್ಕವಳಾದರೂ ಮಾತಿನಲ್ಲಿ ಅಜ್ಜಿ, ಇದನ್ನು ಕೇಳಿ ನಕ್ಕಿದ್ದಳು. ಎಲ್ಲರೂ ಗಂಡು ಹಿಡೀತಾರೆ, ನಮ್ಮ ಅತ್ತಿಗೆ ಗಾಳಿ ಹಿಡಿದು ಕೂತಿದ್ದಾರೆ, ಅದಕ್ಕೂ ಸೆಂಟು ಆಗಿಬರಲ್ವಂತೆ ಎಂದು ನೆಂಟರ ಮುಂದೆ ಹೇಳಿ ಎಲ್ಲರನ್ನೂ ನಗಿಸಿದ್ದಳು. ಅಕ್ಕನಿಗೂ ನಗು ಬಂದಿತ್ತು.

ಕಟ್ಟುನಿಟ್ಟು ಮಾಡಿದವರು ಮೇಷ್ಟ್ರು. ಪ್ರಯೋಗಾಲಯ ಕಟ್ಟಿದವರೂ ಅವರೇ, ಅಕ್ಕನಿಗೆ ಮಾರ್ಗದರ್ಶಕರೂ ಅವರೇ. ಎಲ್ಲ ಪ್ರಯೋಗಕ್ಕೂ ಅವರದು ಒಂದೇ ಮಾತು: "ಒಂದು ಸಲ ಆದದ್ದು ಆಗದೇ ಇದ್ದದ್ದಕ್ಕೆ ಸಮ. ಮೂರು ಸಲ ಆಗಲಿ, ಆಮೇಲೆ ಮಾತಾಡು." ಬೇರೆ ವಿಭಾಗದವರು ಅವರನ್ನು ಬೆನ್ನ ಹಿಂದೆ ಭಾನುವಾರದ ಮೇಷ್ಟ್ರು ಎನ್ನುತ್ತಿದ್ದರು. ಅದಕ್ಕೆ ಕಾರಣವಿತ್ತು. ಭಾನುವಾರ ರಸ್ತೆಯಲ್ಲಿ ಗಾಡಿ ಕಡಿಮೆ, ಆದ್ದರಿಂದ ಗಾಳಿ ಚೊಕ್ಕಟವಾಗಿರಬೇಕು ಎಂಬುದು ಎಲ್ಲರ ನಂಬಿಕೆ. ಹಾಗಲ್ಲ, ಗಾಡಿಗಳ ಹೊಗೆಯೇ ಕೆಲವು ಆವಿಗಳನ್ನು ಅದುಮಿ ಇಟ್ಟಿರುತ್ತದೆ, ಅದು ತೆಳುವಾದ ದಿನ ಸಣ್ಣ ಕಣ ಹೆಚ್ಚು ಹುಟ್ಟುತ್ತದೆ ಎಂದು ಮೇಷ್ಟ್ರು ತಮ್ಮ ಹರೆಯದಲ್ಲಿ ಬರೆದಿದ್ದರು. ಸಾಬೀತು ಮಾಡಲು ಆಗಿರಲಿಲ್ಲ. ದೊಡ್ಡ ಸಭೆಯೊಂದರಲ್ಲಿ ಯಾರೋ, ಭಾನುವಾರ ನಮಗೆಲ್ಲ ರಜೆ, ಇವರ ಕಣಗಳಿಗೆ ಮಾತ್ರ ಕೆಲಸ ಎಂದಿದ್ದರಂತೆ. ನಗು ಅಲ್ಲೇ ಮುಗಿಯಿತು, ಹೆಸರು ಮಾತ್ರ ಅಂಟಿಕೊಂಡಿತು.

ಈಗ ಅವರು ನಿವೃತ್ತಿಯ ಅಂಚಿನಲ್ಲಿದ್ದರು. ಹಿಂದಿನ ಬೇಸಿಗೆಯಲ್ಲಿ ಅವರ ಹೆಂಡತಿ ತೀರಿಕೊಂಡಿದ್ದರು. ಮಗಳು ಬೇರೆ ಊರಿನಲ್ಲಿ. ಕಾರ್ಯ ಮುಗಿಸಿ ಕೆಲಸಕ್ಕೆ ಮರಳಿದಾಗ ಮೇಷ್ಟ್ರು ಮೊದಲಿನಂತೆಯೇ ಇದ್ದರು. ಅಂಗಿಗೆ ಇಸ್ತ್ರಿ ಮಾತ್ರ ಇರಲಿಲ್ಲ. ಅಕ್ಕ ಅದನ್ನು ನೋಡಿದಳು. ಇಸ್ತ್ರಿಯ ಬಗ್ಗೆ ಯಾರಿಗೆ ಹೇಗೆ ಹೇಳುವುದು.

ಆ ಬೇಸಿಗೆ ಕಳೆದ ಮೇಲೆ ಒಂದು ವಿಚಿತ್ರ ಕಾಣತೊಡಗಿತು. ಪ್ರತಿ ಭಾನುವಾರ ಮಧ್ಯಾಹ್ನ ಮುಪ್ಪಿನ ಡಬ್ಬಿಯ ಗೆರೆ ಏರುತ್ತಿತ್ತು. ಸ್ವಲ್ಪ ಸ್ವಲ್ಪ ಅಲ್ಲ, ಹಾಲು ಉಕ್ಕಿದ ಹಾಗೆ. ಒಂದು ಗಂಟೆ ಕುದಿದು ಸಂಜೆಯ ಹೊತ್ತಿಗೆ ಇಳಿಯುತ್ತಿತ್ತು. ಸೋಮವಾರದಿಂದ ಶನಿವಾರದ ತನಕ ಏನೂ ಇಲ್ಲ. ಭಾನುವಾರ ಯಂತ್ರಗಳು ತಮ್ಮಷ್ಟಕ್ಕೆ ನಡೆಯುತ್ತಿದ್ದವು, ಗೂಡಿಗೆ ಯಾರೂ ಹೋಗುತ್ತಿರಲಿಲ್ಲ. ಅಕ್ಕ ತನ್ನ ಬಾಡಿಗೆ ಕೋಣೆಯಲ್ಲಿ ಬಟ್ಟೆ ಒಗೆದು, ಅದು ಒಣಗುವುದನ್ನು ನೋಡುತ್ತ ಕೂತು, ಸೋಮವಾರ ಬಂದು ಗೆರೆ ನೋಡುತ್ತಿದ್ದಳು.

ಮೊದಲ ಸಲ ಮೇಷ್ಟ್ರು, ಒಂದು ಸಲ ಆದದ್ದು ಎಂದು ಕೈ ಬೀಸಿದರು. ಎರಡನೇ ಸಲ ಕನ್ನಡಕ ಒರೆಸಿಕೊಂಡರು. ಮೂರನೇ ಸಲ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತವರು ಏಳಲೇ ಇಲ್ಲ. ಆ ದಿನ ಅವರ ಮುಖದಲ್ಲಿ ಬಂದ ಕಳೆಯನ್ನು ಹೆಂಡತಿ ಹೋದ ಮೇಲೆ ಅಕ್ಕ ಕಂಡಿರಲಿಲ್ಲ. ಹುಡುಗನೊಬ್ಬ ತನ್ನದೇ ಸರಿ ಎಂದು ಮನೆಯವರೆಲ್ಲ ಒಪ್ಪಿದಾಗ ಹೇಗಿರುತ್ತಾನೋ ಹಾಗಿದ್ದರು. ನಿವೃತ್ತಿಗೆ ಮುಂಚೆ ಅವರದು ಒಂದು ಕೊನೆಯ ಉಪನ್ಯಾಸ ಇಡುವುದೆಂದು ವಿಶ್ವವಿದ್ಯಾಲಯ ಹೇಳಿತ್ತು. ಏನೋ ಹಳೆಯದನ್ನು ಹೇಳಿ ಮುಗಿಸೋಣ ಎಂದುಕೊಂಡಿದ್ದ ಮೇಷ್ಟ್ರು ಈಗ ವಿಷಯ ಬದಲಿಸಿದರು. ಅಂದು ನಕ್ಕವರಿಗೆಲ್ಲ ಆಹ್ವಾನ ಹೋಯಿತು. ಅಕ್ಕನ ಪ್ರಬಂಧಕ್ಕೂ ಇದೇ ಒಳ್ಳೆಯ ಅಧ್ಯಾಯ ಆಗುತ್ತದೆ ಎಂದರು. ಜೋಡೆತ್ತು ಅವಳಿಗೆ ಚಹಾ ಕುಡಿಸಿತು.

ಅಕ್ಕನಿಗೂ ಖುಷಿಯಾಯಿತು. ಆದರೆ ಅವಳು ಬಹಳ ವರ್ಷ ಹೈಸ್ಕೂಲಿನ ಉತ್ತರಪತ್ರಿಕೆ ತಿದ್ದಿದವಳು. ಎಲ್ಲ ಲೆಕ್ಕ ಸರಿಯಾಗಿ ಬಂದರೆ ಪಕ್ಕದವನ ಪತ್ರಿಕೆಯನ್ನೂ ಒಮ್ಮೆ ನೋಡುವ ಅಭ್ಯಾಸ.

ವಾರದ ನಡುವೆ ಒಮ್ಮೆ ಬಸ್ಸು, ಲಾರಿಗಳ ಮುಷ್ಕರ ಬಿತ್ತು. ರಸ್ತೆಗಳು ಭಾನುವಾರಕ್ಕಿಂತ ಖಾಲಿ. ಬಿಸಿಲೂ ಚೆನ್ನಾಗಿತ್ತು. ಮೇಷ್ಟ್ರ ಮಾತು ನಿಜವಾಗಿದ್ದರೆ ಗೆರೆ ಅವತ್ತು ಕುಣಿಯಬೇಕಿತ್ತು. ಅದು ಉಂಡು ಮಲಗಿದವರ ಹಾಗೆ ಮಲಗಿತ್ತು. ಇನ್ನೊಂದು ಭಾನುವಾರ, ಎಲ್ಲ ಎಂದಿನಂತಿದ್ದರೂ, ಗೆರೆ ಏಳಲೇ ಇಲ್ಲ. ಮೇಷ್ಟ್ರಿಗೆ ಹೇಳಿದರೆ, ಒಂದು ಸಲ ಆಗದೇ ಇದ್ದದ್ದೂ ಲೆಕ್ಕಕ್ಕಿಲ್ಲ ಎಂದು ತಮ್ಮ ಸೂತ್ರವನ್ನೇ ತಿರುವಿ ಹಾಕಿದರು. ಬಹಳ ಬೇಕಾದದ್ದು ಕೈಗೆ ಸಿಕ್ಕಾಗ ಬುದ್ಧಿವಂತರೂ ಅದನ್ನು ಬೆಳಕಿಗೆ ಹಿಡಿದು ನೋಡುವುದಿಲ್ಲ. ಗಾಳಿಯಲ್ಲಿ ಯಾವ ವಾಸನೆ ಇದೆ ಎಂದು ಬಿಡಿಸಿ ಹೇಳುವ ಯಂತ್ರ ಪ್ರಯೋಗಾಲಯದಲ್ಲಿ ಒಂದಿತ್ತು. ಅದು ಕೆಟ್ಟು, ಬಿಡಿಭಾಗ ಬರಲಿ ಎಂದು ಕಾಯುತ್ತ ಬಟ್ಟೆ ಹೊದ್ದು ಕೂತಿತ್ತು.

ಹತ್ತಿರದಲ್ಲೇ ಯಾರೋ ಭಾನುವಾರ ಮಾತ್ರ ಏನೋ ಮಾಡುತ್ತಿದ್ದಾರೆ ಎಂದು ಅಕ್ಕನ ಮನಸ್ಸಿಗೆ ಬಂತು. ಪಕ್ಕದ ಅತಿಥಿಗೃಹದವರು ಬಟ್ಟೆ ಒಗೆಯುತ್ತಿರಬಹುದು, ಯಾರಾದರೂ ನೆಲಕ್ಕೆ ಪಾಲಿಶ್ ಹಾಕುತ್ತಿರಬಹುದು. ಸರಿ, ಹೋಗಿ ನೋಡಿದರಾಯಿತು. ಆ ಭಾನುವಾರ ಒಗೆದ ಬಟ್ಟೆಯನ್ನು ಹಾಗೇ ಬಿಟ್ಟು ಮಧ್ಯಾಹ್ನ ಹೊರಟಳು. ಕಟ್ಟಡದಲ್ಲಿ ನರಪಿಳ್ಳೆ ಇರಲಿಲ್ಲ. ಕಬ್ಬಿಣದ ಮೆಟ್ಟಿಲು ಹತ್ತಿ ತಾರಸಿಗೆ ಬಂದು ಸುತ್ತಲೂ ನೋಡಿದಳು. ಅತಿಥಿಗೃಹದ ಕಿಟಕಿಗಳು ಮುಚ್ಚಿದ್ದವು. ಎಲ್ಲಿಯೂ ಹೊಗೆಯಿಲ್ಲ, ತೊಳೆಯುವ ಸದ್ದಿಲ್ಲ.

ಆಗ ಅವಳ ಮೂಗಿಗೆ ಕಿತ್ತಳೆಯ ವಾಸನೆ ಬಂತು.

ತಾರಸಿಯ ಪಡುವಣ ಮೂಲೆಯಲ್ಲಿ ದೊಡ್ಡ ನೀರಿನ ಟ್ಯಾಂಕು. ಅದರ ಹಿಂದೆ, ನೆರಳಿನಲ್ಲಿ, ಹಳೆಯ ಪತ್ರಿಕೆ ಹಾಸಿಕೊಂಡು, ಟ್ಯಾಂಕಿಗೆ ಬೆನ್ನು ಕೊಟ್ಟು ಮೇಷ್ಟ್ರು ಕೂತಿದ್ದರು. ತೊಡೆಯ ಮೇಲೆ ಬ್ರೆಡ್ಡಿನ ಪೊಟ್ಟಣ. ಕೈಯಲ್ಲಿ ಕಿತ್ತಳೆ. ಸುಲಿದು ಅಭ್ಯಾಸವಿಲ್ಲದ ಕೈ ಅದು. ಉಗುರು ಎಲ್ಲೆಂದರಲ್ಲಿ ನೆಟ್ಟು, ಸಿಪ್ಪೆ ಚೂರು ಚೂರಾಗಿ ಕಿತ್ತು, ರಸ ಚಿಮ್ಮಿ ಕನ್ನಡಕಕ್ಕೆ ಬೀಳುತ್ತಿತ್ತು. ಸುಲಿದಾದ ಮೇಲೆ ಹಣ್ಣನ್ನು ಎರಡು ಪಾಲು ಮಾಡಿದರು. ಒಂದು ಪಾಲನ್ನು ತಮ್ಮ ಊಟದ ಡಬ್ಬಿಯ ಮುಚ್ಚಳದ ಮೇಲಿಟ್ಟು ತಮ್ಮ ಎಡಕ್ಕೆ ಸರಿಸಿದರು. ಇನ್ನೊಂದು ಪಾಲನ್ನು ತೊಳೆ ತೊಳೆಯಾಗಿ ತಿಂದರು. ಸುಮ್ಮನೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಎಡಗೈ ಚಾಚಿ ಆ ಪಾಲನ್ನೂ ತೆಗೆದುಕೊಂಡು ತಿಂದರು.

ಅವರ ತಲೆಯಿಂದ ಒಂದು ಮಾರು ಮೇಲೆ, ಟ್ಯಾಂಕಿನ ಏಣಿಗೆ ಕಟ್ಟಿದ ಪೈಪು ಬಾಯಿ ತೆರೆದುಕೊಂಡು ಗಾಳಿ ಎಳೆಯುತ್ತಿತ್ತು.

ಪೈಪನ್ನು ಅಲ್ಲಿ ಕಟ್ಟಿದ್ದವಳು ಅಕ್ಕನೇ. ಅದು ಮೊದಲು ಮೂಡಣ ಗೋಡೆಯ ಕಂಬದ ಮೇಲಿತ್ತು. ಬೇಸಿಗೆಯ ಒಂದು ಬಿರುಗಾಳಿಗೆ ಕಂಬ ಮುರಿದಾಗ, ಟ್ಯಾಂಕಿನ ಏಣಿಗೆ ಕಟ್ಟಲೇ ಎಂದು ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದ್ದಳು. ಹೂಂ ಎಂದಿದ್ದರು. ಅವರ ಹೆಂಡತಿ ಹೋಗಿ ಇನ್ನೂ ಕೆಲವೇ ದಿನವಾಗಿತ್ತು. ಗೆರೆ ಏಳದಿದ್ದ ಭಾನುವಾರ ಯಾವುದೆಂದೂ ಈಗ ಅವಳಿಗೆ ಹೊಳೆಯಿತು. ಅವತ್ತು ಮೇಷ್ಟ್ರು ಮಗಳ ಮನೆಗೆ ಹೋಗಿದ್ದರು.

ಅವಳು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಇಳಿದಳು.

ಕೋಣೆಗೆ ಬಂದು ಎಷ್ಟೋ ಹೊತ್ತು ಹಾಗೇ ಕೂತಿದ್ದಳು. ತಪ್ಪು ತಿಳಿದುಕೊಳ್ಳುವುದು ಸುಲಭ, ಅದನ್ನು ತಿಳಿಸುವುದು ಕಷ್ಟ. ಹೇಳದೆ ಬಿಟ್ಟರೆ ಮೇಷ್ಟ್ರು ತುಂಬಿದ ಸಭೆಯಲ್ಲಿ ಕಿತ್ತಳೆ ಹಣ್ಣಿನ ಗೆರೆಯನ್ನು ಊರಿನ ಗಾಳಿ ಎಂದು ತೋರಿಸುತ್ತಾರೆ. ಇವತ್ತಲ್ಲ ನಾಳೆ ಯಾರೋ ಕಂಡುಹಿಡಿಯುತ್ತಾರೆ. ಮೊದಲಿನ ನಗು ಒಂದು ಪಾಲಾದರೆ ಆಗಿನದು ಹತ್ತು ಪಾಲು. ಹೇಳಿದರೆ, ಈ ವಯಸ್ಸಿನಲ್ಲಿ ಅವರ ಕೈಗೆ ಬಂದ ಒಂದೇ ಒಂದು ಗೆಲುವನ್ನು ಕಿತ್ತುಕೊಂಡ ಹಾಗೆ. ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಗೆರೆಯ ಮೂಲ ಹೇಳಬೇಕಾದರೆ ಆ ಅರ್ಧ ಹಣ್ಣನ್ನು ತಾನು ನೋಡಿದೆ ಎಂದೂ ಹೇಳಿದ ಹಾಗೆ ಆಗುತ್ತದೆ. ಅದು ಯಾರೂ ನೋಡಬಾರದ್ದು. ತನ್ನ ಅಧ್ಯಾಯ ಹೋಗುತ್ತದೆ ಎಂಬುದು ನೆನಪಿಗೆ ಬಂದದ್ದು ಆಮೇಲೆ.

ತಮ್ಮನ ಹೆಂಡತಿ ಎಂದಿನಂತೆ ಸಂಜೆ ಫೋನ್ ಮಾಡಿದಳು. ಊಟ, ನೀರು, ಮಕ್ಕಳ ಜಗಳ ಎಲ್ಲ ಆದ ಮೇಲೆ, ಏನತ್ತಿಗೆ, ದನಿ ಬಾವಿಯೊಳಗಿಂದ ಬಂದ ಹಾಗಿದೆ ಎಂದಳು. ಅಕ್ಕ ಹೆಸರು ಹೇಳದೆ ವಿಷಯ ಹೇಳಿದಳು. ಅತ್ತ ಕಡೆ ಪಾತ್ರೆಯ ಸದ್ದು ನಿಂತಿತು. ಆಮೇಲೆ ಅವಳು ಮಾವನ, ಅಂದರೆ ಅಕ್ಕನ ಅಪ್ಪನ, ಸ್ಕೂಟರಿನ ಕಥೆ ತೆಗೆದಳು. ಅಪ್ಪ ಕಣ್ಣು ಮಂಜಾದ ಮೇಲೂ ಸ್ಕೂಟರ್ ಓಡಿಸುವುದನ್ನು ನಿಲ್ಲಿಸಿರಲಿಲ್ಲ. ಮಗ ಕೂಗಾಡಿದ, ಡಾಕ್ಟರು ಹೆದರಿಸಿದರು, ಯಾವುದೂ ನಾಟಲಿಲ್ಲ. ಸೊಸೆ ಒಂದು ದಿನ ಸೊಪ್ಪು ಬಿಡಿಸುತ್ತ ಅವರ ಪಕ್ಕ ಕೂತು, ಮಾವ, ನನಗೆ ಭಯ ಆಗುತ್ತೆ ಎಂದಳಂತೆ. ಅಪ್ಪ ತಾವೂ ಸ್ವಲ್ಪ ಸೊಪ್ಪು ಬಿಡಿಸಿ, ಎದ್ದು ಹೋಗಿ ಕೀಲಿಕೈ ತಂದು ಸೊಪ್ಪಿನ ತಟ್ಟೆಯಲ್ಲಿಟ್ಟರಂತೆ.

"ಹೇಳೋದು ಹೇಳಲೇಬೇಕು ಅತ್ತಿಗೆ," ಎಂದಳು. "ಆದ್ರೆ ನಿಂತು ಹೇಳಿದ್ರೆ ಅದು ತೀರ್ಪು. ಪಕ್ಕದಲ್ಲಿ ಕೂತು ಹೇಳಿ, ಆಗ ಅದು ಮಾತು."

ಮುಂದಿನ ಭಾನುವಾರ ಅಕ್ಕ ಊಟದ ಡಬ್ಬಿ ಹಿಡಿದುಕೊಂಡು, ಮೆಟ್ಟಿಲ ಮೇಲೆ ಬೇಕೆಂದೇ ಸದ್ದು ಮಾಡುತ್ತ ತಾರಸಿಗೆ ಹೋದಳು. ಟ್ಯಾಂಕಿನ ಹಿಂದೆ ಮೇಷ್ಟ್ರು ಅರ್ಧ ಎದ್ದು ನಿಂತಿದ್ದರು, ತರಗತಿಯಲ್ಲಿ ತಿಂಡಿ ತಿನ್ನುತ್ತ ಸಿಕ್ಕಿಬಿದ್ದವರ ಹಾಗೆ. ಕೂತ್ಕೊಳ್ಳಿ ಸರ್, ನನಗೂ ಕೋಣೆಯಲ್ಲಿ ಬೇಜಾರು ಎಂದು ಅವಳು ಪತ್ರಿಕೆಯ ಈ ತುದಿಯಲ್ಲಿ ಕೂತಳು. ಎಡಕ್ಕೆ ಅಲ್ಲ, ಬಲಕ್ಕೆ. ಅಷ್ಟು ಅವಳಿಗೆ ತಿಳಿಯುತ್ತಿತ್ತು.

ಇಬ್ಬರೂ ಸ್ವಲ್ಪ ಹೊತ್ತು ಮುಷ್ಕರದ ಬಗ್ಗೆ, ಇನ್ನೂ ಬಾರದ ಬಿಡಿಭಾಗದ ಬಗ್ಗೆ ಮಾತಾಡಿದರು. ಮೇಷ್ಟ್ರ ಕೈಯಲ್ಲಿ ಅರ್ಧ ಸುಲಿದ ಹಣ್ಣು ಹಾಗೇ ಇತ್ತು. ಕೊನೆಗೆ ಅಕ್ಕ ಕೇಳಿದಳು.

"ಸರ್, ಪೈಪಿನ ಬಾಯಿ ಈಗ ಎಲ್ಲಿದೆ, ಗೊತ್ತಾ?"

"ಮೂಡಣ ಗೋಡೆ ಕಂಬದ ಮೇಲೆ. ಯಾಕೆ?"

"ಒಂದು ಸಲ ತಲೆ ಎತ್ತಿ ನೋಡಿ ಸರ್."

ಮೇಷ್ಟ್ರು ತಲೆ ಎತ್ತಿದರು. ಬಹಳ ಹೊತ್ತು ಇಳಿಸಲಿಲ್ಲ. ಆಮೇಲೆ ಕೈಯಲ್ಲಿದ್ದ ಸಿಪ್ಪೆಯನ್ನು ನೋಡಿದರು, ಅದನ್ನು ಮೂಗಿನ ಹತ್ತಿರ ತಂದು ಮೂಸಿದರು. ಮತ್ತೇನೂ ಹೇಳಬೇಕಾಗಲಿಲ್ಲ. ಕಿತ್ತಳೆ ಸಿಪ್ಪೆಯ ಆವಿ ಆ ನೇರಳೆ ದೀಪದ ಕೆಳಗೆ ಹೋದರೆ ಎಷ್ಟು ಕಣ ಹುಟ್ಟುತ್ತವೆ ಎಂದು ಅವಳಿಗೆ ಪಾಠ ಮಾಡಿದ್ದವರೇ ಅವರು.

"ಎಂದಿನಿಂದ?" ಎಂದರು.

"ಕಂಬ ಮುರಿದಾಗಿನಿಂದ. ಫೋನ್ ಮಾಡಿ ಕೇಳಿದ್ದೆ ಸರ್."

"ಕೇಳಿರಬೇಕು. ಆಗ ಎಲ್ಲರೂ ಏನೇನೋ ಕೇಳ್ತಿದ್ರು. ಎಲ್ಲದಕ್ಕೂ ಹೂಂ ಅಂದೆ." ಸಿಪ್ಪೆಯ ಚೂರುಗಳನ್ನು ಒಂದೊಂದಾಗಿ ಪತ್ರಿಕೆಯ ಮೇಲೆ ಜೋಡಿಸತೊಡಗಿದರು. "ಹೋದ ವಾರ ಬಂದಿದ್ದೆಯಾ?"

"ಬಂದಿದ್ದೆ."

ಕೆಳಗೆ ರಸ್ತೆಯಲ್ಲಿ ಒಂದು ಸೈಕಲ್ ಗಂಟೆ ಕೇಳಿಸಿ ದೂರವಾಯಿತು. ಮೇಷ್ಟ್ರು ಎಡಕ್ಕಿದ್ದ ಮುಚ್ಚಳವನ್ನು ನೋಡಿದರು, ಅವಳನ್ನು ನೋಡಲಿಲ್ಲ.

"ಅವಳೇ ಸುಲಿದು ಕೊಡ್ತಿದ್ದಳಮ್ಮ. ಭಾನುವಾರ ಮನೆಯೆಲ್ಲ ಇದೇ ವಾಸನೆ. ಈಗ ಮನೇಲಿ ಸುಲಿಯೋಕೆ ಆಗಲ್ಲ. ಸುಲೀದೆ ಇರೋಕೂ ಆಗಲ್ಲ. ಇಲ್ಲಾದ್ರೆ ಗಾಳಿಗೆ ಹೋಗುತ್ತೆ ಅಂತ ಬಂದೆ. ಪಂಪಿನ ಸದ್ದೂ ಇರುತ್ತೆ, ಒಳಗೆ ಯಾರೋ ಇದ್ದ ಹಾಗೆ."

ತನ್ನ ಕೋಣೆಯಲ್ಲಿ ಅಕ್ಕ ಯಾರೂ ಕೇಳದ ರೇಡಿಯೋ ಹಾಕಿ ಮಲಗುತ್ತಿದ್ದದ್ದೂ ಅದಕ್ಕೇ. ಪಂಪಿನ ಸದ್ದು ತಗಡಿನ ಗೋಡೆಯಾಚೆ ಒಂದೇ ಸಮ ಕೇಳುತ್ತಿತ್ತು. ಮೇಷ್ಟ್ರು ಸಿಪ್ಪೆಯನ್ನೆಲ್ಲ ಪತ್ರಿಕೆಯಲ್ಲಿ ಸುತ್ತಿ, ಗಂಟು ಹಾಕಿದ ಹಾಗೆ ಬಿಗಿಯಾಗಿ ಮಡಿಸಿ ಕೈಚೀಲದಲ್ಲಿಟ್ಟುಕೊಂಡರು. ಏಳುವಾಗ ಅವಳ ಅಧ್ಯಾಯ ಹೋಯಿತಲ್ಲ ಎಂದರು. ಬೇರೆ ಬರೀತೀನಿ ಸರ್ ಎಂದಳು. ಕಬ್ಬಿಣದ ಮೆಟ್ಟಿಲ ನಡುವೆ ಅವರು ಒಮ್ಮೆ ನಿಂತದ್ದು ಅವಳಿಗೆ ಕೇಳಿಸಿತು. ಆಮೇಲೆ ಮತ್ತೆ ಇಳಿದರು.

ಉಪನ್ಯಾಸ ನಿಲ್ಲಲಿಲ್ಲ. ಸಭಾಂಗಣ ತುಂಬಿತ್ತು. ಅಂದು ನಕ್ಕವರು ಮುಂದಿನ ಸಾಲಿನಲ್ಲೇ ಕೂತಿದ್ದರು, ಎಲ್ಲರ ತಲೆಯೂ ಬೆಳ್ಳಗಾಗಿತ್ತು. ಮೇಷ್ಟ್ರು ಭಾನುವಾರದ ಗೆರೆಯನ್ನು ದೊಡ್ಡದಾಗಿ ತೋರಿಸಿದರು. ನನ್ನ ಆಯುಷ್ಯವೆಲ್ಲ ಹುಡುಕಿದ್ದು ಇದೇ ಗೆರೆಯನ್ನು ಎಂದರು. ಸಭೆ ಮುಂದಕ್ಕೆ ಬಾಗಿತು. ಆಮೇಲೆ, ಇದು ಊರಿನ ಗಾಳಿಯದಲ್ಲ, ಒಂದು ಕಿತ್ತಳೆ ಹಣ್ಣಿನದು, ಪೈಪಿನ ಕೆಳಗೆ ಯಾರೋ ಕೂತು ತಿನ್ನುತ್ತಿದ್ದರು, ಇದನ್ನು ಕಂಡುಹಿಡಿದವಳು ನನ್ನ ವಿದ್ಯಾರ್ಥಿನಿ ಎಂದು ಹೇಳಿ, ತಮ್ಮ ಹಳೆಯ ಮಾತಿಗೆ ಇವತ್ತಿಗೂ ಸಾಕ್ಷಿಯಿಲ್ಲ ಎಂದು ಒಪ್ಪಿಕೊಂಡರು. ಸಭೆ ನಕ್ಕಿತು. ಅದು ಕೆಟ್ಟ ನಗುವಲ್ಲ. ಮುಂದಿನ ಸಾಲಿನಿಂದ ಒಬ್ಬರು, ತಿನ್ನುತ್ತಿದ್ದವರು ಯಾರು ಎಂದು ಕೇಳಿದರು. "ಹಸಿದವರು ಯಾರೋ," ಎಂದು ಮೇಷ್ಟ್ರು ಮುಂದಿನ ಚಿತ್ರ ಹಾಕಿದರು. ಹಿಂದಿನ ಸಾಲಿನಲ್ಲಿ ಅಕ್ಕ ತನ್ನ ಕೈ ನೋಡಿಕೊಂಡು ಕೂತಿದ್ದಳು.

ಅದೇ ವಾರ ಅವಳು ಮೂಡಣ ಗೋಡೆಗೆ ಹೊಸ ಕಂಬ ಹಾಕಿಸಿದಳು. ಟ್ಯಾಂಕಿನ ಏಣಿ ಹತ್ತಿ ಪೈಪು ಬಿಚ್ಚುವಾಗ ಕೆಳಗೆ ಹಿಡಿದುಕೊಂಡಿದ್ದ ಜೋಡೆತ್ತು ಗೊಣಗಿತು. ಇಲ್ಲಿ ಹಣ್ಣು ತಿನ್ನಬೇಡಿ ಅಂತ ಒಂದು ಬೋರ್ಡ್ ಹಾಕಿದ್ರೆ ಸಾಲದೇ, ಇಷ್ಟೆಲ್ಲ ರಗಳೆ ಯಾಕೆ ಅಕ್ಕ ಎಂದ ಹುಡುಗ.

"ಕೂತವರನ್ನ ಎಬ್ಬಿಸೋದಕ್ಕಿಂತ ಪೈಪು ಎಬ್ಬಿಸೋದು ಸುಲಭ ಕಣೋ," ಎಂದಳು ಅಕ್ಕ. "ಹಿಡ್ಕೋ ಸರಿಯಾಗಿ."

ಆ ಭಾನುವಾರ ಅವಳು ಗೂಡಿಗೆ ಬಂದು ಪರದೆಯ ಮುಂದೆ ಕೂತಳು. ಗೆರೆ ನೆಟ್ಟಗೆ ಮಲಗಿತ್ತು. ಮಧ್ಯಾಹ್ನ ಕಳೆಯಿತು. ಅವಳಿಗೆ ಏನೋ ಕಳೆದುಕೊಂಡ ಹಾಗಾಯಿತು. ಇಷ್ಟು ತಿಂಗಳು, ಗೊತ್ತಿಲ್ಲದೆಯೇ, ಒಬ್ಬರು ಬಂದರು, ಕೂತರು, ಹಣ್ಣು ಸುಲಿದರು ಎಂದು ಆ ಗೆರೆ ಅವಳಿಗೆ ಪ್ರತಿ ವಾರ ಹೇಳುತ್ತಿತ್ತು. ಇನ್ನು ಹೇಳುವುದಿಲ್ಲ. ಬಂದಿದ್ದಾರೋ ಇಲ್ಲವೋ ತಿಳಿಯಬೇಕಾದರೆ ಎದ್ದು ಹೋಗಿಯೇ ನೋಡಬೇಕು. ಎದ್ದು ಹೋದಳು. ಟ್ಯಾಂಕಿನ ಹಿಂದೆ ನೆರಳು ಮಾತ್ರ ಇತ್ತು.

ಸೋಮವಾರ ಮೇಷ್ಟ್ರು ತಮ್ಮ ಕೋಣೆಯಲ್ಲಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ತಿರುಗದೆಯೇ, ನಿನ್ನೆ ಗೆರೆ ಹೇಗಿತ್ತು ಎಂದು ಕೇಳಿದರು.

"ಮಲಗಿತ್ತು ಸರ್."

"ಸರಿ ಹಾಗಾದ್ರೆ. ಪೈಪು ಸರಿಯಾಯ್ತು. ಮುಗೀತು."

"ಮುಗಿಯೋದು ಹೇಗೆ ಸರ್? ನೀವು ಬಂದೇ ಇರಲಿಲ್ಲ. ಗೆರೆ ಮಲಗಿದ್ದು ಪೈಪು ಸರಿಸಿದ್ದಕ್ಕೋ, ಹಣ್ಣು ಇಲ್ಲದ್ದಕ್ಕೋ? ನಾನು ಪ್ರಬಂಧದಲ್ಲಿ ಏನಂತ ಬರೀಲಿ?"

ಮೇಷ್ಟ್ರ ಕೈ ಪೆಟ್ಟಿಗೆಯೊಳಗೇ ನಿಂತಿತು. ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ತಮ್ಮ ಪಾಠದಲ್ಲಿ ತಮ್ಮನ್ನೇ ಹಿಡಿದು ನಿಲ್ಲಿಸಿದ ವಿದ್ಯಾರ್ಥಿಯನ್ನು ನೋಡುವ ನೋಟ ಅದು.

"ನಾನು ಬಂದು ಕೂತು ಸುಲೀಬೇಕು ಅಂತೀಯ."

"ಅದೇ ಜಾಗ ಸರ್, ಅದೇ ಹಣ್ಣು. ಇಲ್ದಿದ್ರೆ ಪರೀಕ್ಷೆ ಮಾಡೋರು ನನ್ನ ಬಿಡಲ್ಲ."

ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಪುಸ್ತಕ ತುಂಬುವುದನ್ನು ಮುಂದುವರಿಸಿದರು.

ಭಾನುವಾರ ಬಂತು. ಅಕ್ಕ ಗೂಡಿನೊಳಗೆ ಪಂಪಿನ ಸದ್ದನ್ನು ಕೇಳುತ್ತ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕಬ್ಬಿಣದ ಮೆಟ್ಟಿಲು ಸದ್ದು ಮಾಡಿತು. ನಡುವೆ ಒಮ್ಮೆ ನಿಂತಿತು, ಮತ್ತೆ ಹತ್ತಿತು. ಮೇಷ್ಟ್ರು ಗೂಡಿನ ಬಾಗಿಲಲ್ಲಿ ಇಣುಕದೆ, ಸುಮ್ಮನೆ ಒಮ್ಮೆ ಕೆಮ್ಮಿ ಟ್ಯಾಂಕಿನ ಕಡೆಗೆ ಹೋದರು. ಇವತ್ತು ಅಂಗಿಗೆ ಇಸ್ತ್ರಿ ಇತ್ತು. ಅಡ್ಡಾದಿಡ್ಡಿ ಇಸ್ತ್ರಿ, ತಾವೇ ಹಾಕಿಕೊಂಡದ್ದು.

ಅವಳು ಪರದೆ ನೋಡಿದಳು. ಗೆರೆಗೆ ಏನೂ ಗೊತ್ತಿರಲಿಲ್ಲ.

"ಶುರು ಮಾಡಿದ್ರಾ ಸರ್?" ಎಂದು ಬಾಗಿಲಿನಿಂದ ಕೂಗಿದಳು.

"ಅರ್ಧ ಆಯ್ತು. ಗೆರೆ?"

"ಮಲಗಿದೆ."

ಬಿಸಿಲು ತಾರಸಿಯ ಮೇಲೆ ಬಿಳಿಯಾಗಿ ಬಿದ್ದಿತ್ತು. ಟ್ಯಾಂಕಿನ ಹಿಂದಿನಿಂದ ಮೇಷ್ಟ್ರ ದನಿ ಬಂತು. ಹಾಗಾದರೆ ಪೈಪು ಸರಿಯಾಗಿದೆ, ಪ್ರಯೋಗ ಆಯಿತು, ತಾವು ಇನ್ನು ಹೊರಡಬಹುದು ಎಂದು.

"ಒಂದು ಸಲ ಆದದ್ದು ಆಗದೇ ಇದ್ದದ್ದಕ್ಕೆ ಸಮ ಸರ್," ಎಂದಳು ಅಕ್ಕ.

ಆ ಕಡೆಯಿಂದ ಬಂದದ್ದು ನಗುವೋ ಕೆಮ್ಮೋ ಅವಳಿಗೆ ತಿಳಿಯಲಿಲ್ಲ.

"ಮೂರು ಸಲ ಅಂತೀಯ."

"ಕಡಿಮೆ ಅಂದ್ರೆ."

ಪತ್ರಿಕೆ ಸರಿಸಿದ ಸದ್ದು. ಆಮೇಲೆ, ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೇಳಿದ ಹಾಗೆ, "ನಿನ್ನ ಊಟ ಆಯ್ತೇನಮ್ಮ?"

ಅಕ್ಕ ಮೇಜಿನ ಮೇಲಿದ್ದ ತನ್ನ ಡಬ್ಬಿಯನ್ನು ನೋಡಿದಳು. ಮುಚ್ಚಳ ತೆಗೆದಿರಲಿಲ್ಲ. ಫೋನಿನಲ್ಲಿ ಈ ಮಾತು ದಿನವೂ ಕೇಳುತ್ತಿತ್ತು. ಕೂಗಿದರೆ ಕೇಳುವಷ್ಟು ಹತ್ತಿರದಿಂದ ಯಾರಾದರೂ ಕೇಳಿ ಬಹಳ ಕಾಲವಾಗಿತ್ತು.

"ಇನ್ನೂ ಇಲ್ಲ ಸರ್."

"ಅರ್ಧ ಹಣ್ಣು ಇದೆ ಇಲ್ಲಿ," ಎಂದರು ಮೇಷ್ಟ್ರು.

ಅವಳು ಡಬ್ಬಿ ಎತ್ತಿಕೊಂಡು ಹೊರಗೆ ಹೋದಳು. ಗೂಡಿನಲ್ಲಿ ಯಾರೂ ನೋಡದ ಪರದೆಯ ಮೇಲೆ ಗೆರೆ ನೆಟ್ಟಗೆ ಸಾಗುತ್ತಿತ್ತು. ತಾರಸಿಯ ಮೇಲೆ ಇಬ್ಬರಿದ್ದಾರೆ ಎಂದು ಅದಕ್ಕೆ ಗೊತ್ತಾಗಲಿಲ್ಲ.